ಚಟಾಕುವಿನ ತೂಕ

ನಮ್ಮ ಮನೆಯಲ್ಲಿ ಹಾಲಿನ ಪಾತ್ರೆಯನ್ನು ಈಗ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ. ಮನೆಯಲ್ಲಿ ಮೂರು ಬೆಕ್ಕಿನ ಮರಿಗಳಿವೆ, ಅದಕ್ಕೇ ಇರಬೇಕು ಅಂದುಕೊಂಡಿರಿ ತಾನೆ? ಆ ಮರಿಗಳಿಗೆ ಕಪಾಟು ಹತ್ತುವುದಿರಲಿ, ಹೊಸ್ತಿಲು ದಾಟಲೂ ಬರುವುದಿಲ್ಲ. ಬೀಗ ಹಾಕುವುದು ನನಗೆ ಹೆದರಿ. ಐವತ್ತೆರಡು ವರ್ಷದ, ಕನ್ನಡಕ ಹಾಕುವ, ಪೇಟೆಯಲ್ಲಿ ನಾಲ್ಕು ಜನ ಗೌರವ ಕೊಡುವ (ಕೊಡುತ್ತಿದ್ದ) ನನಗೆ! ಬೀಗದ ಕೈ ನನ್ನಾಕೆಯ ಕೊರಳಿನ ದಾರದಲ್ಲಿದೆ.

ನಾನು ತಕ್ಕಡಿ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ನನ್ನ ಕಾರ್ಖಾನೆ, ಕಾರ್ಯಾಲಯ, ನ್ಯಾಯಾಲಯ ಎಲ್ಲ. ನ್ಯಾಯಾಲಯ ಏಕೆಂದರೆ, ರಿಪೇರಿಗೆ ಬಂದ ತಕ್ಕಡಿಯ ತಟ್ಟೆಯನ್ನು ಮಗುಚಿದರೆ ಸಾಕು, ಅದರ ಯಜಮಾನನ ಚರಿತ್ರೆಯೆಲ್ಲ ಹೊರಬೀಳುತ್ತದೆ. ಒಬ್ಬ ಮೇಣ ಮೆತ್ತಿರುತ್ತಾನೆ, ಇನ್ನೊಬ್ಬ ನಾಣ್ಯ ಅಂಟಿಸಿರುತ್ತಾನೆ. ಹೋದ ವರ್ಷ ಮೂಲೆಯಂಗಡಿಯ ದಿನಸಿಯವರ ತಟ್ಟೆಯಡಿ ನಾಣ್ಯ ಸಿಕ್ಕಾಗ ಅದನ್ನು ಇಕ್ಕಳದಲ್ಲಿ ಹಿಡಿದು ಬೀದಿಯವರೆಲ್ಲ ಕೇಳುವಂತೆ ಅರ್ಧ ಗಂಟೆ ಭಾಷಣ ಬಿಗಿದಿದ್ದೆ. "ತಕ್ಕಡಿ ಸುಳ್ಳು ಹೇಳಲ್ಲ ಸ್ವಾಮೀ, ಹೇಳಿಸೋದು ಮನುಷ್ಯ!" ಎಂದಿದ್ದೆ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ದಿನಸಿಯವರಂತೂ ಇಟ್ಟುಕೊಂಡಿದ್ದರು.

ಐದು ತಿಂಗಳ ಹಿಂದೆ ನಮ್ಮತ್ತೆ ತೀರಿಕೊಂಡರು. ನಮ್ಮ ಜೊತೆಯಲ್ಲೇ ಇದ್ದರು. ತಿಂದದ್ದು ಮೈಗೆ ಹತ್ತದ ಕಾಯಿಲೆ. ವಾರಕ್ಕೊಮ್ಮೆ ತೂಕ ನೋಡಿ ಎಂದಿದ್ದರು ಡಾಕ್ಟರು. ಪ್ರತಿ ಭಾನುವಾರ ಅಂಗಡಿಯಲ್ಲಿ ಮೂಟೆ ತೂಗುವ ತಕ್ಕಡಿಯ ಹಲಗೆ ಮೇಲೆ ಕುರ್ಚಿ ಇಟ್ಟು, ಅವರನ್ನು ಕೂರಿಸಿ ತೂಗುತ್ತಿದ್ದವನು ನಾನೇ. ವಾರ ವಾರವೂ ಇಳಿಯುತ್ತಿತ್ತು. ಅವರು ಇಳಿದಷ್ಟೂ ನನ್ನಾಕೆ ಊಟ ಬಿಡುತ್ತಿದ್ದಳು. ಒಂದು ಭಾನುವಾರ ಅತ್ತೆ ನನ್ನನ್ನು ಬಗ್ಗಿಸಿಕೊಂಡು ಕಿವಿಯಲ್ಲಿ, "ಅಳಿಯಂದ್ರೇ, ಒಂದು ಕಿಲೋ ಜಾಸ್ತಿ ತೋರಿಸೋಕೆ ಆಗಲ್ವಾ? ಹುಡುಗಿ ತುತ್ತು ಎತ್ತುತಾ ಇಲ್ಲ" ಎಂದರು. ಅಂದಿನಿಂದ ತೂಗುವಾಗೆಲ್ಲ ನನ್ನ ಕಾಲಿನ ಹೆಬ್ಬೆರಳನ್ನು ಹಲಗೆಯ ಅಂಚಿನ ಮೇಲೆ ಮೆಲ್ಲಗೆ ಊರುತ್ತಿದ್ದೆ. (ನನ್ನ ಲೆಕ್ಕದಲ್ಲಿ ಈ ಗುಟ್ಟು ಗೊತ್ತಿದ್ದವರು ಪ್ರಪಂಚದಲ್ಲಿ ಇಬ್ಬರೇ, ಅದರಲ್ಲಿ ಒಬ್ಬರು ಹೋದರು. ಈಗ ನಿಮಗೆ ಹೇಳಿದ್ದೇನೆ, ಬಾಯಿ ಬಿಡಬೇಡಿ.)

ಅತ್ತೆ ಹೋದ ಮೇಲೆ ನನ್ನಾಕೆ ಅಳಲೂ ಇಲ್ಲ, ನಗಲೂ ಇಲ್ಲ. ಅದಿರಲಿ, ನನ್ನನ್ನು ಬೈಯುವುದನ್ನೂ ನಿಲ್ಲಿಸಿಬಿಟ್ಟಳು. ಇಪ್ಪತ್ತಾರು ವರ್ಷ ಬೈಸಿಕೊಂಡ ಕಿವಿಗೆ ಆ ಮೌನ ಎಂಥ ಹಿಂಸೆ ಎಂದು ಮದುವೆಯಾದ ಗಂಡಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ದಿನ ಬೇಕಂತಲೇ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದು ಕಾದೆ. ಬಂದಳು, ಎತ್ತಿಕೊಂಡಳು, ಒಣಹಾಕಿದಳು, ಹೋದಳು. ನನಗೆ ಅಳುವೇ ಬಂತು.

ಮರಿಗಳು ಬಂದದ್ದು ಆಗ. ಅಂಗಡಿಯ ಮೂಲೆಯಲ್ಲಿ ಹಳೆಯ ತೂಕದ ಬಟ್ಟುಗಳ ಪೆಟ್ಟಿಗೆಯೊಳಗೆ ಒಂದು ಬೀದಿಬೆಕ್ಕು ಮೂರು ಮರಿ ಹಾಕಿತ್ತು. ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ರಸ್ತೆ ದಾಟಿ ಹೋದ ತಾಯಿ ತಿರುಗಿ ಬರಲಿಲ್ಲ. ಸಂಜೆಯ ತನಕ ಕಾದು, ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋಗಿ ಊಟದ ಮೇಜಿನ ಮೇಲಿಟ್ಟೆ.

"ಏನ್ರೀ ಇದು?"

"ಮರಿಗಳು."

"ಕಣ್ಣು ಕಾಣ್ಸುತ್ತೆ ನಂಗೆ. ಊಟ ಮಾಡೋ ಜಾಗದಲ್ಲಿ ಯಾಕಿಟ್ರಿ? ಬುದ್ಧಿ ಅನ್ನೋದು ಇದೆಯಾ ನಿಮಗೆ? ಅಯ್ಯೋ, ತಣ್ಣಗಾಗಿಬಿಟ್ಟಿವೆ, ಮುಟ್ಟಿ ನೋಡಿ! ಕಂಬದ ಹಾಗೆ ನಿಂತ್ಕೊಂಡು ಏನ್ ನೋಡ್ತಿದೀರಾ? ನೀರು ಕಾಯ್ಸಿ ಹೋಗಿ!"

ನಾಲ್ಕು ತಿಂಗಳ ಮೇಲೆ ಒಂದೇ ಉಸಿರಿಗೆ ಇಷ್ಟು ಬೈಗುಳ! ನಾನು ನೀರು ಕಾಯಿಸಲು ಹೆಚ್ಚುಕಡಿಮೆ ಕುಣಿದುಕೊಂಡೇ ಹೋದೆ.

ಮರುದಿನ ಪ್ರಾಣಿವೈದ್ಯೆಯ ಬಳಿ ಹೋದೆವು. ವಯಸ್ಸಿನಲ್ಲಿ ಚಿಕ್ಕವರು, ಶಿಸ್ತಿನಲ್ಲಿ ಸೇನಾಧಿಪತಿ. "ಹಸುವಿನ ಹಾಲು ಒಂದು ತೊಟ್ಟೂ ಬೇಡ, ಭೇದಿ ಆಗುತ್ತೆ. ಈ ಡಬ್ಬದ ಹಾಲಿನ ಪುಡಿ, ಉಗುರುಬೆಚ್ಚಗೆ, ನಾಲ್ಕು ಗಂಟೆಗೊಂದ್ಸಲ. ಮಗೂನ ಹಾಗೆ ಅಂಗಾತ ಹಿಡ್ಕೊಂಡು ಕುಡಿಸಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ. ಹೊಟ್ಟೆ ಕೆಳಗೇ ಇರಲಿ. ಕುಡಿದ ಮೇಲೆ ಒದ್ದೆ ಹತ್ತೀಲಿ ಹಿಂದೆ ಒರೆಸಬೇಕು, ಅವಾಗ್ಲೇ ಉಚ್ಚೆ ಮಾಡೋದು. ದಿನಾ ಬೆಳಿಗ್ಗೆ ತೂಕ ನೋಡಿ. ಹತ್ತು ಗ್ರಾಮ್ ಏರಬೇಕು. ಇಳಿದ್ರೆ ಅವತ್ತೇ ಕರ್ಕೊಂಡು ಬನ್ನಿ. ಇಷ್ಟು ಚಿಕ್ಕವಕ್ಕೆ ಎರಡು ದಿನ ತಡ ಆದ್ರೂ ಕೈಮೀರುತ್ತೆ."

ತೂಕ ಎಂದ ಕೂಡಲೇ ನಾನು ಎದೆಯುಬ್ಬಿಸಿ, "ಆ ಖಾತೆ ನಂದು" ಎಂದೆ.

ಅತ್ತೆಯ ಕೋಣೆ ಖಾಲಿ ಬಿದ್ದಿತ್ತಲ್ಲ, ಅಲ್ಲೇ ಮರಿಗಳ ಸಂಸ್ಥಾನ ಸ್ಥಾಪನೆಯಾಯಿತು. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ, ಹತ್ತಿಯ ಉಂಡೆ, ಪುಟ್ಟ ಸೀಸೆ, ನನ್ನ ತಂದೆಯ ಕಾಲದ ಹಿತ್ತಾಳೆ ತಕ್ಕಡಿ. ಹಳೆಯ ಅಳತೆಗಳ ಹೆಸರನ್ನೇ ಇಟ್ಟೆವು. ದೊಡ್ಡದು ಸೇರು, ನಡುವಿನದು ಪಾವು, ನನ್ನ ಅಂಗೈಯಲ್ಲಿ ಮುದುಡಿ ಕೂತರೂ ಜಾಗ ಉಳಿಯುವಷ್ಟಿದ್ದ ಮೂರನೆಯದು ಚಟಾಕು. ಮೊದಲ ದಿನ ಸೇರು ಮುನ್ನೂರ ಹತ್ತು ಗ್ರಾಮ್, ಪಾವು ಇನ್ನೂರ ಎಪ್ಪತ್ತು, ಚಟಾಕು ಇನ್ನೂರು. ಅವಳು ಸೀಸದಕಡ್ಡಿಯಲ್ಲಿ ಗೋಡೆಗೆ ಅಂಟಿಸಿದ ಕಾಗದದ ಪಟ್ಟಿಯ ಮೇಲೆ ಬರೆದಳು. ಆಮೇಲೆ ಚಟಾಕುವಿನ ಪಕ್ಕೆಲುಬಿನ ಮೇಲೆ ಬೆರಳಾಡಿಸುತ್ತಾ, "ಇದೂ ಇಳಿಯೋಕೆ ಶುರುವಾದ್ರೆ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ ಕಣ್ರೀ" ಎಂದಳು.

ಎರಡನೆಯ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋಗಿದ್ದಾಗ ನಾನು ಸುಮ್ಮನೆ ಚಟಾಕುವನ್ನು ತಟ್ಟೆಯಲ್ಲಿಟ್ಟು ನೋಡಿದೆ. ನೂರ ತೊಂಬತ್ತಾರು! ಬಟ್ಟು ಬದಲಾಯಿಸಿ ನೋಡಿದೆ, ಮುಳ್ಳು ಒರೆಸಿ ನೋಡಿದೆ. ನೂರ ತೊಂಬತ್ತಾರೇ. ಸ್ನಾನದ ಮನೆಯಲ್ಲಿ ನೀರು ನಿಂತ ಸದ್ದಾಯಿತು. ಡಬ್ಬದ ಪುಡಿ ಅವಳ ಸುಪರ್ದಿನಲ್ಲಿತ್ತು, ಚಮಚ ಚಮಚಕ್ಕೂ ಲೆಕ್ಕ. ನನ್ನ ಕೈಗೆ ಸಿಕ್ಕಿದ್ದು ಚಹಾಕ್ಕೆಂದು ತಂದಿಟ್ಟ ಹಸುವಿನ ಹಾಲು. ಒಂದು ಸಲಕ್ಕೆ ಏನಾಗುತ್ತೆ ಬಿಡು ಎಂದು ಎರಡು ಚಮಚ ಕುಡಿಸಿಬಿಟ್ಟೆ. ಪಾಪದ್ದು, ಎಷ್ಟು ಆಸೆಯಿಂದ ಕುಡಿಯಿತು! ಅವಳು ತಲೆ ಒರೆಸಿಕೊಳ್ಳುತ್ತಾ ಬಂದಾಗ ಶಾಸ್ತ್ರೋಕ್ತವಾಗಿ ತೂಗಿದೆ.

"ಇನ್ನೂರ ನಾಲ್ಕು."

"ನಿಜವಾಗ್ಲೂ?"

"ಮುಳ್ಳು ನೀನೇ ನೋಡು."

ಅವಳ ಮುಖದಲ್ಲಿ ಇಷ್ಟೇ ಇಷ್ಟು ಬೆಳಕು ಬಂತು. ಅಂದು ಎರಡು ಸಲ ಬಡಿಸಿಕೊಂಡು ಉಂಡಳು. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಮುಂದಿನದನ್ನು ನೀವೇ ಊಹಿಸಬಲ್ಲಿರಿ. ಹಾಲಿನಿಂದ ಭೇದಿ, ಭೇದಿಯಿಂದ ಮರುದಿನ ಇನ್ನೂ ಇಳಿತ, ಇಳಿತ ಮುಚ್ಚಲು ಇನ್ನೊಂದು ಚಮಚ ಹಾಲು. ಪಟ್ಟಿಯ ಮೇಲೆ ಚಟಾಕು ಇನ್ನೂರ ಆರು, ಇನ್ನೂರ ಎಂಟು, ಇನ್ನೂರ ಒಂಬತ್ತು, ಇನ್ನೂರ ಹನ್ನೊಂದು ಎಂದು ಮೆಟ್ಟಿಲು ಹತ್ತುತ್ತಿತ್ತು. ಪೆಟ್ಟಿಗೆಯೊಳಗಿನ ಚಟಾಕು ಮಾತ್ರ ದಿನದಿನಕ್ಕೆ ಸಪ್ಪಗಾಗುತ್ತಿತ್ತು. "ಭೇದಿ ಆಗ್ತಿದೆಯಲ್ಲ, ಡಾಕ್ಟ್ರ ಹತ್ರ ಹೋಗೋಣ್ವಾ?" ಎಂದು ಅವಳೇ ಕೇಳುವಳು. ಆಮೇಲೆ ಗೋಡೆ ನೋಡಿ, "ತೂಕ ಏರ್ತಾ ಇದೆ ಅಲ್ವಾ, ನಾಳೆ ನೋಡೋಣ" ಎಂದು ಅವಳೇ ಸಮಾಧಾನ ಮಾಡಿಕೊಳ್ಳುವಳು. ನಾನು ನಾಳೆ ತಾನಾಗಿ ಏರೀತು, ಏರಿದ ದಿನವೇ ಹಾಲು ನಿಲ್ಲಿಸುತ್ತೇನೆ ಎಂದು ಹಲ್ಲು ಕಚ್ಚಿಕೊಂಡಿದ್ದೆ.

ಆರನೆಯ ದಿನ ಮಧ್ಯಾಹ್ನ ಒಳಗಿನಿಂದ ಅವಳು ಕೂಗಿದ ಕೂಗಿಗೆ ನನ್ನ ಕೈಯಲ್ಲಿದ್ದ ಬಟ್ಟು ಕೆಳಗೆ ಬಿತ್ತು. ಚಟಾಕು ಹಿಂಡಿದ ಬಟ್ಟೆಯಂತೆ ಬಿದ್ದಿತ್ತು. ಸೀಸೆ ಬಾಯಿಗಿಟ್ಟರೆ ಚೀಪಲಿಲ್ಲ. ಅವಳು ಗೋಡೆಯ ಪಟ್ಟಿಯನ್ನೇ ಕಿತ್ತುಕೊಂಡು ಹೊರಟಳು. ನಾನು ಹಿಂದೆ ಓಡಿದೆ.

ವೈದ್ಯೆ ಮರಿಯನ್ನು ತಮ್ಮ ತಕ್ಕಡಿಯ ಮೇಲಿಟ್ಟರು. "ನೂರ ಎಂಬತ್ತೆಂಟು."

"ಬೆಳಿಗ್ಗೆ ಇನ್ನೂರ ಹನ್ನೊಂದಿತ್ತು! ಇಲ್ಲಿ ಬರೆದಿದೀನಿ ನೋಡಿ!"

"ಹಾಗಾದ್ರೆ ನಿಮ್ಮ ಮನೆ ತಕ್ಕಡಿ ಕೆಟ್ಟಿದೆ."

ಬಾಗಿಲು ಅರ್ಧ ತೆರೆದಿತ್ತು. ಹೊರಗಿನ ಬೆಂಚಿನ ಮೇಲೆ ನಾಯಿ ಹಿಡಿದು ಕೂತಿದ್ದವರು ಬೇರೆ ಯಾರಾಗಿರಲು ಸಾಧ್ಯ? ಮೂಲೆಯಂಗಡಿಯ ದಿನಸಿಯವರು. ಅವರಿಗೆ ಅಷ್ಟು ಸಾಕಾಗಿತ್ತು. ನಾಯಿಯ ಸರದಿಯನ್ನೂ ಕಾಯದೆ ಪೇಟೆಯ ಕಡೆ ಹೊರಟೇಬಿಟ್ಟರು.

ನಿಜ ಹೇಳುತ್ತೇನೆ, ಅಪ್ಪನ ತಕ್ಕಡಿಯ ತಲೆಗೇ ಅಪವಾದ ಕಟ್ಟಿ ಪಾರಾಗಿಬಿಡೋಣ ಅನ್ನಿಸಿತ್ತು.

"ಬೇರೆ ಏನಾದ್ರೂ ಕುಡಿಸಿದ್ರಾ?" ವೈದ್ಯೆ ಕೇಳಿದರು.

"ಇಲ್ಲಮ್ಮಾ. ನನ್ನ ಕೈಯಾರೆ ಡಬ್ಬದ ಹಾಲು. ಬೇರೆ ಒಂದು ಹನಿ ಇಲ್ಲ," ಎಂದಳು ನನ್ನಾಕೆ.

"ಹಾಗಾದ್ರೆ ಇದು ಅಂಟುರೋಗ ಇರಬಹುದು. ಅದಾಗಿದ್ರೆ ಉಳಿಯೋದು ಕಷ್ಟ. ಇನ್ನೆರಡಕ್ಕೂ ತಗುಲಿರುತ್ತೆ."

ನನ್ನಾಕೆ ಮೇಜಿನ ಅಂಚು ಹಿಡಿದುಕೊಂಡಳು. ಅತ್ತೆಯ ಕೊನೆಯ ದಿನ ಮಂಚದ ಅಂಚನ್ನು ಹಿಡಿದುಕೊಂಡದ್ದು ಹೀಗೆಯೇ.

"ಹಾಲು," ಎಂದೆ ನಾನು. "ಹಸುವಿನದು. ನಾನೇ. ತೂಗೋ ಮುಂಚೆ, ದಿನಾ. ಇಳೀತಾ ಇತ್ತು, ಇವಳಿಗೆ ಗೊತ್ತಾಗದಿರಲಿ ಅಂತ..."

ವೈದ್ಯೆ ನನ್ನನ್ನು ನೋಡಿದ ನೋಟವಿದೆಯಲ್ಲ, ನಾಣ್ಯ ಅಂಟಿಸಿದ ತಟ್ಟೆಯನ್ನು ನಾನು ನೋಡುತ್ತಿದ್ದದ್ದು ಅದೇ ನೋಟ. "ನಾಲ್ಕು ದಿನ ಮುಂಚೆ ಬಂದಿದ್ರೆ ಇದು ಏನೂ ಅಲ್ಲ," ಎಂದಷ್ಟೇ ಅಂದರು. ಚರ್ಮದಡಿಗೆ ನೀರಿನ ಚುಚ್ಚುಮದ್ದು ಕೊಟ್ಟು, ಹನಿ ಹನಿಯಾಗಿ ಕುಡಿಸಲು ಒಂದು ದ್ರಾವಣ ಕೊಟ್ಟರು. "ಬೆಚ್ಚಗಿಡಿ. ಮೂರು ದಿನ ಏನೂ ಹೇಳೋಕಾಗಲ್ಲ."

ನನ್ನಾಕೆ ಮರಿಯನ್ನು ಎದೆಗವುಚಿಕೊಂಡು ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಮನೆ ಬಾಗಿಲಲ್ಲಿ ಮಾತ್ರ ತಿರುಗಿ, "ತಕ್ಕಡಿ ಕೆಟ್ಟಿಲ್ಲ ಅಂತ ನಂಗೆ ಗೊತ್ತಿತ್ತು. ಅದಕ್ಕೇ ನಂಬಿದ್ದೆ" ಎಂದು ಒಳಗೆ ಹೋದಳು.

ಎರಡು ದಿನ ಅತ್ತೆಯ ಕೋಣೆಯ ಬಾಗಿಲು ನನಗೆ ಮುಚ್ಚಿತ್ತು. ಹಾಲು ಕಪಾಟಿಗೇರಿತು. ಬಾಗಿಲ ಸಂದಿಯಿಂದ ಕಿವಿಗೊಟ್ಟು ಕೇಳಿದರೆ ಸೇರು ಅರಚುತ್ತಿತ್ತು, ಪಾವು ಅರಚುತ್ತಿತ್ತು, ಮೂರನೆಯ ದನಿ ಇರಲಿಲ್ಲ. ಅಂಗಡಿಯಲ್ಲಿ ಕೂತರೆ ಮೂಟೆ ತಕ್ಕಡಿಯ ಮೇಲೆ ಆ ಖಾಲಿ ಕುರ್ಚಿ. ನನ್ನ ಜನ್ಮಕ್ಕಿಷ್ಟು ಎಂದು ಎಷ್ಟು ಸಲ ಅಂದುಕೊಂಡೆನೋ.

ಮೂರನೆಯ ಬೆಳಿಗ್ಗೆ ದಿನಸಿಯವರು ಬಂದರು. ಬೆನ್ನಿಗೆ ಇನ್ನಿಬ್ಬರು ಅಂಗಡಿಯವರು, ಸಾಕ್ಷಿಗೆ.

"ಹೋದ ವಾರ ರಿಪೇರಿಗೆ ಕೊಟ್ಟ ನಮ್ಮ ತಕ್ಕಡಿ ವಾಪಸ್ ಕೊಟ್ಬಿಡಿ ಸ್ವಾಮೀ. ರಿಪೇರಿಯವರ ಮನೇದೇ ಇಪ್ಪತ್ತು ಗ್ರಾಮ್ ಸುಳ್ಳು ಹೇಳುತ್ತಂತೆ. ಇನ್ನು ನಮ್ಮದರ ಗತಿ ಏನು?"

ತಕ್ಕಡಿ ಕೆಟ್ಟಿದೆ ಎಂದರೆ ಕಸುಬು ಹೋಯಿತು. ಕೆಟ್ಟಿಲ್ಲ ಎಂದರೆ ಮಾನ ಹೋಯಿತು. ಅಪ್ಪನ ಮುಖ ಕಣ್ಣ ಮುಂದೆ ಬಂತು.

"ತಕ್ಕಡಿ ಸರಿಯಾಗಿದೆ," ಎಂದೆ. "ಕೈ ಸರಿಯಿಲ್ಲ." ನಡೆದದ್ದನ್ನೆಲ್ಲ ಹೇಳಿದೆ.

ದಿನಸಿಯವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಅಂದ್ರೆ, ತಕ್ಕಡಿ ಸುಳ್ಳು ಹೇಳಲ್ಲ..." ಎಂದು ರಾಗ ಎಳೆದರು.

"ಹೇಳಿಸೋದು ಮನುಷ್ಯ," ಎಂದು ನಾನೇ ಪೂರ್ತಿ ಮಾಡಿದೆ.

"ಕೈ ಒಂದೇನಾ?" ಹಿಂದಿನಿಂದ ದನಿ ಬಂತು. ನನ್ನಾಕೆ ಬಟ್ಟೆಯ ಮುದ್ದೆಯೊಂದನ್ನು ಎದೆಗವುಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಕಾಲಿನ ವಿಷಯಾನೂ ಹೇಳ್ಬಿಡಿ."

"ಯಾವ... ಯಾವ ಕಾಲು?"

"ಅಮ್ಮ ಅವತ್ತೇ ಹೇಳಿದ್ಲು. 'ನಿನ್ನ ಗಂಡನ ಹೆಬ್ಬೆರಳು ಒಂದೂವರೆ ಕಿಲೋ ತೂಗುತ್ತೆ ಕಣೇ, ಕಳೆದು ಬರ್ಕೋ. ನಿಂಗೆ ಗೊತ್ತಾಯ್ತು ಅಂತ ಅಳಿಯಂದ್ರಿಗೆ ಮಾತ್ರ ಹೇಳ್ಬೇಡ, ಪಾಪ, ಬೇಜಾರು ಮಾಡ್ಕೊತಾರೆ' ಅಂತ. ಕೊನೇ ತನಕ ಕಳೆದೇ ಬರ್ಕೊಂಡೆ."

ಅತ್ತೆ! ನನಗೊಂದು ಹೇಳಿ, ಮಗಳಿಗೊಂದು ಹೇಳಿ, ಇಬ್ಬರನ್ನೂ ಸಮಾಧಾನವಾಗಿಟ್ಟು ಹೋಗಿದ್ದರು.

"ಮತ್ತೆ ಈ ಸಲ ಯಾಕೇ ನಂಬಿದೆ?" ಎಂದೆ, ಅಳುವ ದನಿಯಲ್ಲಿ.

"ಈ ಸಲಾನೂ ದಿನಾ ಬೆಳಿಗ್ಗೆ ನಿಮ್ಮ ಕಾಲೇ ನೋಡ್ತಿದ್ದೆ ಕಣ್ರೀ! ಎರಡೂ ನೆಲದ ಮೇಲೇ ಇದ್ವಲ್ಲ, ಸದ್ಯ ಸುಧಾರಿಸಿದಾರೆ ಅಂದ್ಕೊಂಡೆ!"

ಹೇಳುತ್ತಾ ಹೇಳುತ್ತಾ ಅವಳಿಗೆ ನಗು ಬಂತು. ದಿನಸಿಯವರು ನಕ್ಕರು, ಸಾಕ್ಷಿಗಳು ನಕ್ಕರು. ಅವಳ ನಗು ಮಾತ್ರ ನಿಲ್ಲಲಿಲ್ಲ. ನಗುತ್ತಾ ಮೂಟೆ ತಕ್ಕಡಿಯ ಮೇಲಿದ್ದ ಕುರ್ಚಿಯಲ್ಲಿ ಕುಸಿದು ಕೂತಳು, ನಗುತ್ತಲೇ ಅಳತೊಡಗಿದಳು. ನಾಲ್ಕು ತಿಂಗಳಿಂದ ಕಟ್ಟಿಟ್ಟಿದ್ದ ಅಳು. ದಿನಸಿಯವರು ಏನೋ ಅರ್ಥವಾದವರಂತೆ ಎಲ್ಲರನ್ನೂ ಕರೆದುಕೊಂಡು ಹೊರಟರು. ತಮ್ಮ ತಕ್ಕಡಿಯನ್ನು ಮಾತ್ರ ಮರೆಯದೆ ತೆಗೆದುಕೊಂಡು ಹೋದರು.

ಅವಳ ಮಡಿಲಿನ ಬಟ್ಟೆಯೊಳಗಿಂದ ಆಗ ತೆಳ್ಳಗೊಂದು ದನಿ ಬಂತು, ಹಸಿವಿನ ದನಿ. "ನೂರ ತೊಂಬತ್ತೆರಡು," ಎಂದಳು ಮೂಗು ಒರೆಸಿಕೊಳ್ಳುತ್ತಾ. "ನಾನೇ ತೂಗಿದ್ದು." ಅಷ್ಟು ಚಿಕ್ಕ ಸಂಖ್ಯೆ ಕೇಳಿ ನನಗೆ ಅಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ.

ಚಟಾಕು ಈಗ ಇನ್ನೂರ ಐವತ್ತು ದಾಟಿದೆ. ಬೆಳಗಿನ ತೂಕದ ಹೊತ್ತಿಗೆ ನಾನು ಹೊಸ್ತಿಲಾಚೆ ಬರಿಗಾಲಲ್ಲಿ, ಎರಡೂ ಕೈ ಮೇಲೆತ್ತಿ, ಹತ್ತೂ ಕಾಲ್ಬೆರಳು ಕಾಣುವಂತೆ ನಿಂತಿರಬೇಕೆಂದು ಆಜ್ಞೆಯಾಗಿದೆ. ಚಹಾ ಕೂಡ ಹಾಲಿಲ್ಲದೆ ಕಪ್ಪಗೆ ಕುಡಿಯುತ್ತೇನೆ. ಮೊನ್ನೆ ಅನುಮಾನ ಬಂದು ಮೂಟೆ ತಕ್ಕಡಿಯ ಮೇಲೆ ನಿಂತು ನೋಡಿದೆ. "ನೋಡೇ, ಒಂದೂವರೆ ಕಿಲೋ ಇಳಿದುಬಿಟ್ಟಿದೀನಿ!" ಎಂದು ಕೂಗಿದೆ.

ಅವಳು ಒಳಗಿನಿಂದಲೇ ಹೇಳಿದಳು: "ಹೆಬ್ಬೆರಳು ಹೊರಗಡೆ ಇಟ್ಟಿರ್ತೀರಿ, ಸರಿಯಾಗಿ ನೋಡ್ಕೊಳ್ಳಿ."