ಯುದ್ಧಕ್ಕೆ ಹೊಸಪೇಟೆಯ ಪ್ರತಿಕ್ರಿಯೆ

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ನನಗೆ ಬರೆದು ರೂಢಿ ಇಲ್ಲ. ಇದುವರೆಗೆ ನಾಲ್ಕು ಜನ ಓದುವಂಥದ್ದು ನಾನು ಬರೆದದ್ದೆಂದರೆ ‘ಬಿಸಿನೀರು ಬೆಳಿಗ್ಗೆ ಮಾತ್ರ’ ಎಂಬ ಬೋರ್ಡು. ಅದನ್ನು ಓದಿದವರೂ ಕೆಳಗಿಳಿದು ಬಂದು ಅರ್ಥ ಕೇಳುತ್ತಾರೆ. ಹಾಸ್ಯವನ್ನು ವಿವರಿಸಿದರೆ ಅದು ಸತ್ತುಹೋಗುತ್ತದೆ ಎಂದು ತಿಳಿದವರು ಎಚ್ಚರಿಸಿದ್ದಾರೆ. ವಿವರಿಸದೆ ಸುಮ್ಮನಿರುವುದು ನನ್ನಿಂದ ಆಗುವ ಕೆಲಸವಲ್ಲ. ಆದ್ದರಿಂದ ನೀವು ನಗದಿದ್ದರೆ ತಪ್ಪು ನನ್ನದು. ನಕ್ಕರೂ ಸ್ವಲ್ಪ ನಾಚಿಕೆಯಿಂದ ನಗಬೇಕೆಂದು ಕೋರಿಕೆ, ಯಾಕೆಂದರೆ ಇವೆಲ್ಲ ನಗಬಾರದ ಹೊತ್ತಿನಲ್ಲಿ ನಡೆದವು.

ಹಂಪಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮಹಡಿಯ ಮೇಲೆ ಮೂರು ಕೋಣೆ ಕಟ್ಟಿಸಿ ಪರದೇಶದವರಿಗೆ ಬಾಡಿಗೆಗೆ ಕೊಡುತ್ತೇನೆ. ಇಂಥ ಮನೆಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ಆದರೆ ಈ ಸಲ ಆದದ್ದಕ್ಕೆ ನಮ್ಮ ಮನೆಯೊಂದೇ ಕಾರಣವಲ್ಲ, ಸುತ್ತಲಿನ ತಾಲ್ಲೂಕುಗಳೂ ಕೈ ಹಚ್ಚಿವೆ.

ನಮ್ಮಲ್ಲಿ ಒಬ್ಬ ಹುಡುಗಿ ಬಂದು ಇಳಿದುಕೊಂಡಿದ್ದಳು. ಹುಡುಗಿ ಎಂದರೆ ಮೂವತ್ತು ದಾಟಿದವಳು. ನನ್ನ ಹೆಂಡತಿ ಹಾಗೆ ಕರೆದದ್ದರಿಂದ ನನಗೂ ಅದೇ ರೂಢಿಯಾಯಿತು. ಅವಳು ಬಂದ ವಾರದಲ್ಲೇ ಅವಳ ದೇಶಕ್ಕೂ ಪಕ್ಕದ ದೇಶಕ್ಕೂ ಯುದ್ಧ ಹತ್ತಿತು. ಯಾವ ದೇಶಗಳು ಎಂದು ಬರೆಯುವುದಿಲ್ಲ. ಬರೆದರೆ ನೀವು ಒಂದು ಪಕ್ಷ ಹಿಡಿಯುತ್ತೀರಿ, ಆಮೇಲೆ ಈ ಬರಹದ ಕಡೆ ಲಕ್ಷ್ಯ ಇರುವುದಿಲ್ಲ. ವಿಮಾನ ನಿಂತವು. ಅವಳ ತಾಯಿ ಒಬ್ಬರೇ ಒಂದು ಬಸ್ಸು ಹತ್ತಿ, ಜಗಳವಿಲ್ಲದ ಇನ್ನೊಂದು ದೇಶದ ಗಡಿಯ ಕಡೆ ಹೊರಟಿದ್ದರು. ‘ದಾಟಿದ ಮೇಲೆ ಫೋನ್ ಮಾಡುತ್ತೇನೆ’ ಎಂದವರು ಮಾಡಿರಲಿಲ್ಲ. ಇವಳು ಮಾಡಿದರೆ ಹತ್ತುತ್ತಿರಲಿಲ್ಲ. ಊಟಕ್ಕೆ ಕುಳಿತರೂ ಫೋನು ತಟ್ಟೆಯ ಪಕ್ಕದಲ್ಲೇ. ಇಷ್ಟು ತಿಳಿದಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

೧. ಮಿರ್ಚಿಯ ಶಾಂತಿ ಮಾತುಕತೆ

ಟಿವಿಯಲ್ಲಿ ಒಂದೊಂದು ದೇಶವೂ ಒಂದೊಂದು ಹೇಳಿಕೆ ಕೊಡುತ್ತಿತ್ತು. ಒಂದು ದೇಶ ತೀವ್ರ ಕಳವಳ ವ್ಯಕ್ತಪಡಿಸಿತು, ಇನ್ನೊಂದು ಬಲವಾಗಿ ಖಂಡಿಸಿತು, ಮತ್ತೊಂದು ಸೂಕ್ಷ್ಮವಾಗಿ ಗಮನಿಸುತ್ತಿತ್ತು. ಹೊಸಪೇಟೆ ಹಿಂದೆ ಬೀಳುವ ಊರಲ್ಲ.

ಅವಳ ಫೋನಿಗೆ ಕರೆನ್ಸಿ ಹಾಕಿಸಲು ಊರೊಳಗೆ ಕರೆದುಕೊಂಡು ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯಲು ನಿಂತೆವು. ಅಲ್ಲಿ ಇಬ್ಬರು ಹಿರಿಯರು ದಿನಾ ಒಂದು ಚಹಾವನ್ನು ಎರಡು ಗ್ಲಾಸಿಗೆ ಹಾಕಿಸಿಕೊಂಡು ಕುಡಿಯುತ್ತಾರೆ. ಅಷ್ಟು ಗೆಳೆಯರು.

“ಯಾವ ದೇಶರೀ ಮೇಡಮ್ಮೋರ್ದು?” ಎಂದರು ಒಬ್ಬರು. ಹೇಳಿದೆ.

“ಹೌದಾ! ನಾ ನಿಮ್ಮ ಕಡೆ ಅದೀನಿ ಅಂತ ಹೇಳ್ರಿ. ಭಯ ಬ್ಯಾಡ.”

ಇನ್ನೊಬ್ಬರು ಗ್ಲಾಸು ಕೆಳಗಿಟ್ಟರು. “ಅದ್ಹೆಂಗ ನೀ ಆ ಕಡಿ ಆಗ್ತಿ? ನಾ ಈ ಕಡಿ.”

“ಯಾಕಲೇ? ಅವ್ರೇನು ನಿನಗ ಹೆಣ್ಣು ಕೊಟ್ಟಾರೇನು?”

“ನಿನಗ ಕೊಟ್ಟಾರೇನು? ಹಿಂದಕ ನಮ್ಮ ದೇಶಕ್ಕ ಕಷ್ಟ ಬಂದಾಗ ಯಾರು ನಿಂತಿದ್ರು? ಇತಿಹಾಸ ಓದಲೇ ಮಗನ.”

“ನೀ ಎಸ್ಸೆಸ್ಸೆಲ್ಸಿಯೊಳಗ ಇತಿಹಾಸದಾಗ ಫೇಲಾದವ, ನನಗ ಓದು ಅಂತೀಯಾ?”

ಮಾತು ಅಲ್ಲಿಂದ ಮನೆತನಕ್ಕೆ ಹೋಯಿತು. ಬೆಂಚು ಬಿತ್ತು. ನಾನು ನಡುವೆ ಹೋಗಿ ನೋಡಿದೆ. ಇಬ್ಬರೂ ಸೇರಿ ನನ್ನನ್ನೇ ಬೈದರು. ಆಗ ಆ ಹುಡುಗಿ ಬೆಂಚು ಎತ್ತಿ ನಿಲ್ಲಿಸಿದಳು, ಒಂದು ಪ್ಲೇಟು ಮಿರ್ಚಿ ಭಜಿ ತರಿಸಿ ಇಬ್ಬರ ನಡುವೆ ಇಟ್ಟಳು, ಇಬ್ಬರ ತೋಳನ್ನೂ ಹಿಡಿದು ಕೂಡಿಸಿದಳು. ಮಿರ್ಚಿ ಬಿಸಿ ಇತ್ತು, ಜಗಳ ನಿಂತಿತು.

ಇಲ್ಲಿ ಸ್ವಲ್ಪ ವಿವರಿಸಬೇಕು. ಯುದ್ಧ ಅವಳ ದೇಶದಲ್ಲಿ. ರಾಜಿ ಮಾಡಿಸಿದವಳು ಅವಳು. ರಾಜಿ ಬೇಕಾದದ್ದು ನಮಗೆ. ಚಹಾ ಅಂಗಡಿಯವನು ಮಾತ್ರ ತಟಸ್ಥನಾಗಿದ್ದ. ಮಿರ್ಚಿಯ ದುಡ್ಡನ್ನು ಅವಳಿಂದಲೇ ತೆಗೆದುಕೊಂಡ.

೨. ಸಂಡೂರಿನ ಅಂದಾಜು

ಸಂಡೂರಿನಲ್ಲಿ ನನಗೆ ದೂರದ ಸಂಬಂಧಿಯೊಬ್ಬರಿದ್ದಾರೆ, ಅದಿರು ಸಾಗಿಸುವ ಟಿಪ್ಪರ್‌ಗಳ ಮಾಲೀಕರು. ಯಾರ ಮನೆಯ ಸಾವಿಗೂ ಬರದವರು ಅವತ್ತು ಪೇಡೆ ಡಬ್ಬಿ ಹಿಡಿದು ಬಂದರು. ಹುಡುಗಿಯ ಎದುರು ಕುಳಿತು ಮುಖ ಸಣ್ಣದು ಮಾಡಿದರು. ನನಗೆ ಒಳ್ಳೆಯದೆನಿಸಿತು.

“ಕೇಳ್ರಿ ಆಕೀಗೆ,” ಎಂದರು ಮೆಲ್ಲಗೆ. “ಯುದ್ಧ ಇನ್ನಾ ಎಷ್ಟು ತಿಂಗ್ಳು ನಡೀತೈತಂತ?”

“ಯಾಕ್ರಿ?”

“ಯುದ್ಧ ನಡದ್ರ ಉಕ್ಕಿನ ರೇಟ್ ಏರತೈತಂತ. ಇನ್ನೊಂದು ಗಾಡಿ ಬುಕ್ ಮಾಡಬೇಕಂತ ಮಾಡೀನಿ. ಈಗ ಬುಕ್ ಮಾಡೋದು, ಅದು ಬರೋದ್ರೊಳಗ ಇವ್ರು ಕೈ ಕೈ ಕುಲುಕಿ ಬಿಟ್ರ ನಾ ಎಲ್ಲಿಗೆ ಹೋಗ್ಲಿ? ಆಕಿ ಅದೇ ದೇಶದಾಕಿ, ಅಂದಾಜು ಇರತೈತಿ.”

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಹುಡುಗಿ “ಏನು ಕೇಳುತ್ತಿದ್ದಾರೆ?” ಎಂದಳು. “ಯುದ್ಧ ಯಾವಾಗ ಮುಗಿಯುತ್ತದೆ ಎಂದು ಕೇಳುತ್ತಿದ್ದಾರೆ,” ಎಂದೆ. ಅದು ಸುಳ್ಳಲ್ಲ. ಅವಳ ಕಣ್ಣು ತುಂಬಿದವು. “ಇವರಂಥವರ ಹಾರೈಕೆಯಿಂದ ನಾಳೆಯೇ ಮುಗಿಯಲಿ” ಎಂದು ಅವರಿಗೆ ಕೈ ಮುಗಿದಳು.

“ಏನಂದ್ಳು?”

“ಗೊತ್ತಿಲ್ಲ ಅಂದ್ಳು.”

ಅವರು ನಿಟ್ಟುಸಿರು ಬಿಟ್ಟು ಎದ್ದರು. “ಪಾಪ, ತಾಯಿ ಚಿಂತ್ಯಾಗ ಅದಾಳ. ಮಾರ್ಕೆಟ್ ಕಡಿ ಲಕ್ಷ್ಯ ಇಲ್ಲ.”

೩. ಕಂಪ್ಲಿಯ ಪರಿಹಾರ

ಹುಡುಗಿ ಊಟ ಬಿಟ್ಟಳು. ಅವಳ ಮನಸ್ಸು ಹಗುರಾಗಲಿ ಎಂದು ನನ್ನ ಹೆಂಡತಿ ಅವಳನ್ನು ಕಂಪ್ಲಿಗೆ, ತನ್ನ ತವರಿಗೆ ಕರೆದುಕೊಂಡು ಹೋಗೋಣ ಎಂದಳು. ಅಲ್ಲಿ ಹೊಳೆ ಇದೆ, ಕಾಲುವೆ ಇದೆ, ಭತ್ತದ ಗದ್ದೆ ಹಸಿರಾಗಿದೆ. ನನ್ನ ಅತ್ತೆಯವರೂ ಇದ್ದಾರೆ. ಅವರು ಹುಡುಗಿಯ ತಲೆ ಸವರಿ, “ಯವ್ವಾ, ಯಾಕ ಬಡದಾಡಾಕತ್ತಾರವ್ವ ನಿಮ್ಮೋರು?” ಎಂದು ಕೇಳಿದರು. ನಾನು ನಡುವೆ ಕುಳಿತು ಅತ್ತಿಂದಿತ್ತ ಹೇಳುತ್ತಿದ್ದೆ.

“ಗಡಿಯ ಜಾಗಕ್ಕಾಗಿ,” ಎಂದಳು ಹುಡುಗಿ.

“ಸರ್ವೇ ಮಾಡ್ಸಿಲ್ಲೇನು?”

“ಎರಡೂ ದೇಶದವರು ಬೇರೆ ಬೇರೆ ನಕ್ಷೆ ಇಟ್ಟುಕೊಂಡಿದ್ದಾರೆ.”

“ಹಂಗಾದ್ರ ಕಲ್ಲು ನೆಡಿಸಬೇಕಾಗಿತ್ತು,” ಎಂದರು ಅತ್ತೆ. ಅವರ ಮಟ್ಟಿಗೆ ಸಮಸ್ಯೆ ಮುಗಿಯಿತು. ತುಪ್ಪ ಬಡಿಸಲು ಎದ್ದರು.

ನನ್ನ ಹೆಂಡತಿಯ ತಮ್ಮನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಅವನು ಸ್ವಲ್ಪ ಓದಿದವನು. ಮುದ್ದೆ ಮುರಿಯುತ್ತ, “ಭಾವಾ, ಆಕೀಗೆ ಹೇಳ್ರಿ. ಬಾಜೂಕಿನೋರು ಅಂದ್ರ ದೇವ್ರು ಕೊಟ್ಟ ಬಳಗ. ಒಂದು ಹೆಜ್ಜಿ ನೀನು ಹಿಂದ ಸರಿ, ಒಂದು ಹೆಜ್ಜಿ ಅವ್ನು ಸರೀಲಿ. ನೆಲ ಯಾರಪ್ಪಂದು? ನಾವು ಹೋಗ್ತೀವಿ, ನೆಲ ಇರತೈತಿ. ನಮ್ಮ ದೇಶ ಜಗತ್ತಿಗೆ ಹೇಳಿಕೊಟ್ಟಿದ್ದು ಇದನ್ನ,” ಎಂದ. ನಾನು ಹೇಳುತ್ತ ಹೋದೆ. ಹುಡುಗಿ ಊಟ ನಿಲ್ಲಿಸಿ ಕೇಳುತ್ತಿದ್ದಳು. ‘ತುಂಬಾ ಚೆನ್ನಾಗಿ ಹೇಳುತ್ತಾರೆ’ ಎಂದಳು.

ಆಗ ಹೊರಗಿನಿಂದ ಯಾರೋ ಕೂಗಿದರು: “ಅಣ್ಣಾ, ಬಾಜೂ ಗದ್ದಿಯವ ನಮ್ಮ ಪಾಳಿ ನೀರು ತನ್ನ ಕಡಿ ತಿರಿವಿಕೊಂಡಾನ!”

ಅವನು ಕೈ ತೊಳೆಯಲಿಲ್ಲ. ಗೋಡೆಗೆ ಒರಗಿಸಿದ್ದ ಸಲಿಕೆ ಹಿಡಿದು, ಆ ಗದ್ದೆಯವನ ಮೂರು ತಲೆಮಾರನ್ನು ಒಂದೇ ಉಸಿರಿನಲ್ಲಿ ನೆನೆಯುತ್ತ ಓಡಿದ. ನನ್ನ ಅತ್ತೆ, ಆ ಕಲ್ಲು ನೆಡಿಸುವ ಅತ್ತೆ, ಬಾಗಿಲಿಗೆ ಬಂದು, “ಬಿಡಬ್ಯಾಡ ಅವನ್ನ!” ಎಂದು ಕೂಗಿದರು. ಬೀದಿಯಲ್ಲಿ ಒಂದು ಗುಂಪು ಅವನ ಹಿಂದೆ, ಇನ್ನೊಂದು ಗುಂಪು ಆ ಕಡೆಯವನ ಹಿಂದೆ. ನೆರಳಲ್ಲಿ ನಿಂತವರು ಸೂಕ್ಷ್ಮವಾಗಿ ಗಮನಿಸುತ್ತಿದ್ದರು.

ಹುಡುಗಿ ನನ್ನನ್ನು ಕೇಳಿದಳು, “ಈಗ ಏನನ್ನುತ್ತಿದ್ದಾರೆ?”

ನಾನು ತಲೆ ತಗ್ಗಿಸಿ ಹೇಳಿದೆ, “ಅದೇ ಮಾತು. ಉದಾಹರಣೆ ಕೊಡುತ್ತಿದ್ದಾರೆ.”

೪. ಸನ್ಮಾನ

ಇದು ಎಲ್ಲಕ್ಕಿಂತ ನಾಚಿಕೆಗೇಡಿನದು. ಇದನ್ನು ಹೇಳಲೆಂದೇ ಉಳಿದದ್ದನ್ನು ಹೇಳಿದೆ ಎಂದರೂ ತಪ್ಪಿಲ್ಲ.

ಹೊಸಪೇಟೆಯಲ್ಲಿ ಒಂದು ಸಂಘ ಇದೆ. ಹೆಸರು ಬೇಡ. ಏನೇ ಆದರೂ ಅವರು ಸನ್ಮಾನ ಮಾಡುತ್ತಾರೆ. ಮಳೆ ಬಂದರೆ ಮಳೆಗಾಗಿ ಪೂಜೆ ಮಾಡಿದವರಿಗೆ, ಬರದಿದ್ದರೆ ಮುಂಚೆಯೇ ಹಾಗೆಂದು ಹೇಳಿದವರಿಗೆ. ಅದರ ಕಾರ್ಯದರ್ಶಿ ಮನೆಗೆ ಬಂದರು. “ಎರಡೂ ದೇಶದೋರ್ನ ಒಂದೇ ವೇದಿಕಿ ಮ್ಯಾಲೆ ಕುಂದ್ರಿಸಿ ಸನ್ಮಾನ ಮಾಡ್ತೀವ್ರಿ. ದೊಡ್ಡ ದೊಡ್ಡ ದೇಶ ಬರೇ ಹೇಳಿಕಿ ಕೊಟ್ಟಾವು. ಶಾಲು ಯಾರು ಹೊಚ್ಚ್ಯಾರ?”

“ಈ ದೇಶದಾಕಿ ಇದ್ದಾಳ,” ಎಂದೆ. “ಆ ದೇಶದೋರು ಯಾರು ಸಿಕ್ಕಾರ?”

“ಸಿಕ್ಕಾರ್ರಿ. ಹಂಪ್ಯಾಗ ಸೈಕಲ್ ಬಾಡಿಗಿ ತಗೊಂಡು ಅಡ್ಡಾಡಾಕತ್ತಿದ್ದ.”

ವಿಚಾರಿಸಿದರೆ ಆ ಸೈಕಲ್ಲಿನ ಗಡ್ಡದವನ ದೇಶ ಆ ಎರಡಕ್ಕೂ ಸಂಬಂಧವಿಲ್ಲದ್ದು, ನಡುವೆ ಒಂದು ಸಮುದ್ರ ಇದೆ. ಹಾಗೆಂದು ಹೇಳಿದೆ. ಕಾರ್ಯದರ್ಶಿ ನನ್ನ ಭುಜ ತಟ್ಟಿದರು. “ಇರ್ಲಿ ಬಿಡ್ರಿ, ಪ್ರತಿನಿಧಿ ಅಂತ ಕುಂದ್ರತಾನ.” ಅವನಿಗೆ ಸಂಜೆ ಊಟ ಇದೆ ಎಂದಷ್ಟೇ ತಿಳಿಸಿದ್ದರು.

ಹುಡುಗಿ ಬರುವುದಿಲ್ಲ ಎಂದಳು. ಫೋನ್ ಬಂದರೆ? ಅಲ್ಲಿ ನಮ್ಮ ಮನೆಗಿಂತ ಸಿಗ್ನಲ್ ಚೆನ್ನಾಗಿದೆ ಎಂದು ಹೇಳಿದೆ. ಆ ಒಂದು ಮಾತಿಗೆ ಎದ್ದು ಚಪ್ಪಲಿ ಹಾಕಿಕೊಂಡಳು.

‘ಅಲ್ಲಿ’ ಎಂದರೆ ಕಲ್ಯಾಣ ಮಂಟಪ. ಬೆಳಿಗ್ಗೆ ಯಾರದೋ ಮದುವೆ ಆಗಿತ್ತು. ಹೂವಿನ ಅಲಂಕಾರ ಹಾಗೇ ಇತ್ತು, ಬಾಳೆಕಂಬ ಹಾಗೇ ಇದ್ದವು, ಗಂಡು-ಹೆಣ್ಣು ಕುಳಿತುಕೊಳ್ಳುವ ಕೆಂಪು ಮಕಮಲ್ಲಿನ ಜೋಡಿ ಕುರ್ಚಿಯೂ ಅಲ್ಲೇ ಇತ್ತು. ವಾಲಗದವರನ್ನು ಸಂಜೆಯವರೆಗೆ ಗೊತ್ತು ಮಾಡಿದ್ದರಂತೆ, ಅವರೂ ಇದ್ದರು. ಸಂಘಕ್ಕೆ ಬಹಳ ಅನುಕೂಲವಾಯಿತು.

ಇಬ್ಬರನ್ನೂ ಆ ಜೋಡಿ ಕುರ್ಚಿಯ ಮೇಲೆ ಕೂಡಿಸಿದರು. ಪೇಟ ತೊಡಿಸಿದರು. ಶಾಲು ಹೊದಿಸಿದರು. ಮೊಣಕಾಲಿಗೆ ಮುಟ್ಟುವ ಹಾರ ಹಾಕಿದರು. ತೊಡೆಯ ಮೇಲೆ ಒಂದೊಂದು ಹಣ್ಣಿನ ಬುಟ್ಟಿ. ಸಂಘ ಕರೆಸಿದ್ದ ಮುಖ್ಯ ಅತಿಥಿಗಳು ಭಾಷಣವನ್ನು ವಿಜಯನಗರದ ಕಾಲದಿಂದ ಶುರು ಮಾಡಿದರು. ಮುತ್ತುರತ್ನಗಳನ್ನು ಬೀದಿಯಲ್ಲಿ ಸೇರಿನಿಂದ ಅಳೆದು ಮುಗಿಸುವಷ್ಟರಲ್ಲಿ ಹುಡುಗಿಯ ಫೋನು ಬಡಿದುಕೊಂಡಿತು.

ಅವಳ ಮುಖ ನೋಡಿದೆ. ಅವಳ ತಾಯಿಯೇ.

ಕಾರ್ಯದರ್ಶಿ ಓಡಿ ಬಂದು, “ವಂದನಾರ್ಪಣೆ ಆಗ್ಲಿ, ಸ್ವಲ್ಪ ತಡೀರಿ ಮೇಡಂ,” ಎಂದರು. ನಾನು ಬದುಕಿನಲ್ಲಿ ಮೊದಲ ಸಲ ಒಬ್ಬ ಕಾರ್ಯದರ್ಶಿಯ ಕೈ ಹಿಡಿದು ಹಿಂದಕ್ಕೆಳೆದೆ. ಅವಳಿಗೆ ಬುಟ್ಟಿ ಕೆಳಗಿಡಲೂ ತೋಚಲಿಲ್ಲ. ಪಕ್ಕದ ಗಡ್ಡದವನು ಒಳ್ಳೆಯ ಮನುಷ್ಯ; ಫೋನು ಜಾರುವುದನ್ನು ಕಂಡು ತಾನೇ ಹಿಡಿದು ಇಬ್ಬರ ಮುಖದ ಮುಂದೆ ಎತ್ತಿದ. ವಿಡಿಯೋ ಕರೆ.

ಪರದೆಯ ಮೇಲೆ ಒಬ್ಬ ತಾಯಿ, ಭುಜದ ಮೇಲೆ ಕಂಬಳಿ, ಕೆದರಿದ ಕೂದಲು. ಹಿಂದೆ ಡೇರೆ. ದಾಟಿದ್ದರು. ಬದುಕಿದ್ದರು. ಹುಡುಗಿ ಬಾಯಿ ಮುಚ್ಚಿಕೊಂಡು ಅತ್ತಳು. ಸಭೆ ಎದ್ದು ನಿಂತಿತು. ಸಭೆ ಎದ್ದದ್ದನ್ನು ಕಂಡ ವಾಲಗದವರು ಮುಹೂರ್ತಕ್ಕೆ ಊದುವ ಗಟ್ಟಿಮೇಳವನ್ನೇ ಊದಿಬಿಟ್ಟರು. ಅವರಿಗೆ ಬೇರೆ ರೂಢಿ ಇಲ್ಲ.

ತಾಯಿ ಮಗಳನ್ನು ನೋಡಿದರು. ಹಾರ ನೋಡಿದರು. ಪಕ್ಕದವನ ಹಾರ ನೋಡಿದರು. ಜೋಡಿ ಕುರ್ಚಿ, ಹೂವು, ಅಳುತ್ತಿರುವ ಮಗಳು, ಊದುತ್ತಿರುವ ವಾಲಗ. ಏನೋ ಕೇಳಿದರು. ಹುಡುಗಿ ಅಳು ನಿಲ್ಲಿಸಿದಳು. ಗಡ್ಡದವನು ಅರ್ಥವಾಗದೆ, ನಮ್ಮಲ್ಲಿ ಕಲಿತಂತೆ, ತಲೆ ಬಾಗಿಸಿ ನಮಸ್ಕರಿಸಿದ. ತಾಯಿ ಕೈ ಎತ್ತಿ ಆಶೀರ್ವಾದ ಮಾಡಿದರು.

“ಏನಂದ್ರು? ಏನಂದ್ರು ತಾಯಾರು?” ಎಂದು ಕಾರ್ಯದರ್ಶಿ ಮೈಕು ತಂದು ನನ್ನ ಬಾಯಿಗೆ ಹಿಡಿದರು. “ಸಭಿಕರಿಗೆ ಹೇಳ್ರಿ!”

ಹುಡುಗಿ ನನಗೆ ಹೇಳಿದಳು, ನಾನು ಸಭೆಗೆ ಹೇಳಿದೆ. “ಅವರ ತಾಯಿ ಸುರಕ್ಷಿತವಾಗಿ ಗಡಿ ದಾಟಿದ್ದಾರೆ.” ಚಪ್ಪಾಳೆ. “ಮತ್ತು... ನಾನು ಒಂದು ಚೀಲ ಹಿಡಿದು ಜೀವ ಉಳಿಸಿಕೊಂಡು ಬರುವವರೆಗೂ ಮದುವೆಗೆ ಕಾಯುವುದು ನಿನ್ನ ಕೈಲಿ ಆಗಲಿಲ್ಲವೇ ಎಂದು ಕೇಳುತ್ತಿದ್ದಾರೆ.” ಚಪ್ಪಾಳೆ ಎರಡು ಪಟ್ಟಾಯಿತು. ಜನ ಮೊದಲನೆಯ ಚಪ್ಪಾಳೆಯನ್ನು ಇನ್ನೂ ನಿಲ್ಲಿಸಿರಲಿಲ್ಲ.

ಹುಡುಗಿ ನಗತೊಡಗಿದಳು. ಅಷ್ಟು ದಿನದಲ್ಲಿ ಮೊದಲ ಸಲ. ನಕ್ಕು ನಕ್ಕು ಮಾತೇ ಹೊರಡಲಿಲ್ಲ. ಫೋನು ನನ್ನ ಕೈಗೆ ಕೊಟ್ಟು, ನೀವೇ ಹೇಳಿ ಎಂದಳು. ಆ ತಾಯಿಗೆ ಸ್ವಲ್ಪ ಇಂಗ್ಲಿಷು ಬರುತ್ತಿತ್ತು, ನನಗೂ ಸ್ವಲ್ಪ ಬರುತ್ತದೆ, ಆದರೆ ಎರಡೂ ಬೇರೆ ಬೇರೆ ಸ್ವಲ್ಪ. ಇದು ಮದುವೆ ಅಲ್ಲ, ಸನ್ಮಾನ ಎಂದೆ. ಹಾಗೆಂದರೇನು ಎಂದರು. ಗೌರವ ಎಂದೆ. ನನ್ನ ಮಗಳು ಏನು ಮಾಡಿದ್ದಾಳೆ ಎಂದರು. ಏನೂ ಮಾಡಿಲ್ಲ, ನಿಮ್ಮಲ್ಲಿ ಯುದ್ಧ ಆಗುತ್ತಿದೆಯಲ್ಲ, ಅದಕ್ಕೆ ಎಂದೆ. ಯುದ್ಧಕ್ಕೆ ಹಾರ ಹಾಕುತ್ತೀರಾ ಎಂದರು. ಯುದ್ಧಕ್ಕಲ್ಲ ಅಮ್ಮಾ, ಇದು ನಮ್ಮ ಊರಿನ ಪ್ರತಿಕ್ರಿಯೆ ಎಂದೆ. ಹಾಗಾದರೆ ಆ ಹುಡುಗ ಯಾರು ಎಂದರು. ಅವನು ನಿಮ್ಮ ಶತ್ರು ಎಂದೆ, ಆದರೆ ನಿಜವಾಗಿ ಅಲ್ಲ, ಪ್ರತಿನಿಧಿ ಮಾತ್ರ. ಅಂದರೆ, ಸನ್ಮಾನದಲ್ಲಿ ಪಕ್ಕದಲ್ಲಿ ಕುಳಿತವರು ಗಂಡನೇ ಆಗಬೇಕೆಂದಿಲ್ಲ, ಇದನ್ನು ಓದುಗರಾದ ನಿಮಗೂ ಸ್ವಲ್ಪ ಬಿಡಿಸಿ ಹೇಳುವುದಾದರೆ, ನಮ್ಮ ಕಡೆ ಹಾರದಲ್ಲಿ ಎರಡು ಬಗೆ, ಒಂದು...

“ಏನ್ರೀ! ಬರಿಯೋದು ಬಿಟ್ಟು ಜಲ್ದಿ ಮ್ಯಾಲೆ ಬರ್ರಿ! ಆಕಿ ಅವ್ವ ಮತ್ತ ಫೋನ್ ಹಚ್ಯಾಳ. ಇವತ್ತು ಡೇರೇದಾಗಿನ ಹೆಣ್ಮಕ್ಕಳನ್ನೆಲ್ಲ ಕೂಡಿಸ್ಯಾಳಂತ, ಅಳಿಯನ್ನ ತೋರ್ಸು ಅಂತಾಳಂತ. ಆ ಗಡ್ಡದವ ಎಲ್ಲಿ ಅದಾನ್ರೀ?”