ಬಂದ ಪೊಟ್ಟಣವನ್ನೆಲ್ಲ ಬಿಚ್ಚುವ ಸರ್ವರ್ ಮಹಾಶಯರಿಗೆ

ಅಂಬತ್ತೂರಿನ ಏಸಿ ಕೋಣೆಯಲ್ಲಿ ಸುಖಾಸೀನರಾಗಿರುವ ಮಾನ್ಯ ಸರ್ವರ್ ಯಂತ್ರದವರೇ,

ವೆಸ್ಟ್ ಮಾಂಬಲಂನ ಸೆಕೆಯಿಂದ ತಮಗೆ ಸಾದರ ಪ್ರಣಾಮಗಳು. ತಮಗೆ ಬೆವರು ಬಾರದಂತೆ ಹಗಲೂ ರಾತ್ರಿ ತಂಪು ಗಾಳಿ ಬಿಡುತ್ತಾರೆಂದು ಕೇಳಿ ಸಂತೋಷಪಟ್ಟಿದ್ದೇನೆ. ಇಡ್ಲಿಯ ಹಬೆಯ ಪಕ್ಕ ನಿಂತು ಇದನ್ನು ಬರೆಯುತ್ತಿರುವ ನಾನು ಚಂದ್ರಮತಿ; ಉಡುಪಿ ಕಡೆಯಿಂದ ಈ ತಮಿಳು ಊರಿಗೆ ಬಂದು, ಶ್ರಾದ್ಧದ ಮಡಿ ಅಡುಗೆಯನ್ನೂ ಆಫೀಸಿನವರ ಮಧ್ಯಾಹ್ನದ ಊಟವನ್ನೂ ಬೇರೆಬೇರೆ ಒಲೆಗಳಲ್ಲಿ ಮಾಡಿ ಕಳಿಸುವ ಒಂದು ಸಣ್ಣ ಮೆಸ್ಸಿನವಳು. ಜನ ಊಟಕ್ಕೆ ಹೇಳಿಡುವ ನಮ್ಮ ವೆಬ್‌ಸೈಟು ತಮ್ಮ ಆಶ್ರಯದಲ್ಲಿದೆ. ಕಳೆದ ಮಂಗಳವಾರ ಇಡೀ ದಿನ ತಾವು ನಮ್ಮನ್ನು ಮರೆತದ್ದರಿಂದ ಹೀಗೆ ಪರಿಚಯ ಹೇಳಿಕೊಳ್ಳಬೇಕಾಯಿತು.

ಅಂದು ಬೆಳಿಗ್ಗೆ ಯಾರೋ ಪುಣ್ಯಾತ್ಮರು ಇಂಟರ್ನೆಟ್ಟಿನ ಮೂಲಕ ತಮಗೊಂದು ಫೈಲಿನ ಪೊಟ್ಟಣ ಕಳಿಸಿದರಂತೆ. ಮೊಬೈಲಿನ ಒಂದು ಫೋಟೋದಷ್ಟೂ ತೂಕವಿಲ್ಲದ ಪೊಟ್ಟಣ. ಮೇಲೆ ‘ಇದನ್ನು ಒತ್ತಿ ಮಡಿಸಿದೆ, ದಯವಿಟ್ಟು ಬಿಚ್ಚಿ ಓದಿಕೊಳ್ಳಿ’ ಎಂಬರ್ಥದ ಒಂದು ಚೀಟಿ, ಅದರಲ್ಲೇ ಒಂದು ಸಣ್ಣ ಅಳತೆ. ದೊಡ್ಡ ದೊಡ್ಡ ಆರ್ಡರುಗಳು ಬೇಗ ಬಂದು ಮುಟ್ಟಲೆಂದು ಹೀಗೆ ಮಡಿಸಿ ಕಳಿಸುವ ಸೌಕರ್ಯವನ್ನು ತಮ್ಮ ಕಂಪನಿಯವರೇ ನಮಗೆ ಹಾಡಿ ಹೊಗಳಿ ಹಾಕಿಕೊಟ್ಟದ್ದು. ತಾವು ಬಿಚ್ಚಿದಿರಿ, ಅದು ದೊಡ್ಡದಾಯಿತು. ಇನ್ನೂ ಬಿಚ್ಚಿದಿರಿ, ಇನ್ನೂ ದೊಡ್ಡದಾಯಿತು. ಅಷ್ಟರಲ್ಲಿ ಅಂಥವೇ ಸಾಲಾಗಿ ಬರತೊಡಗಿದವು, ತಾವು ಒಂದನ್ನೂ ಬೇಡವೆನ್ನದೆ ಎಲ್ಲವನ್ನೂ ಬಿಚ್ಚುತ್ತಾ ಹೋಗಿ, ತಲೆಯಲ್ಲಿ ಒಂದಿಂಚೂ ಜಾಗ ಉಳಿಯದೆ ಕುಸಿದು ಕುಳಿತಿರಿ.

ಇದನ್ನು ನನಗೆ ಬಿಡಿಸಿ ಹೇಳಿದವಳು ನನ್ನ ತಂಗಿಯ ಮಗಳು ನಮಿತಾ. ತಮ್ಮಂಥವರನ್ನು ನೋಡಿಕೊಳ್ಳುವುದೇ ಅವಳ ಉದ್ಯೋಗ. ಹುಟ್ಟಿ ಬೆಳೆದದ್ದೆಲ್ಲ ಇದೇ ಊರಿನಲ್ಲಿ. “ದೊಡ್ಡಮ್ಮ, ಅದಕ್ಕೆ ಬಿಚ್ಚು ಅಂದ್ರೆ ಬಿಚ್ತದೆ, ಸೈಜ್ ಎಷ್ಟಾಗ್ತದೆ ಅಂತ ಪಾಪ ನೋಡೋದೇ ಇಲ್ಲ, ಅವ್ಳೋದಾನ್” ಎಂದಳು. ಅವ್ಳೋದಾನ್ ಎಂದರೆ ತಮಿಳಿನಲ್ಲಿ ಅಷ್ಟೇ ಎಂದು. ಆ ‘ಪಾಪ’ ತಮಗೆ ಸಂದದ್ದೆಂದು ತಿಳಿಸಲು ಹರ್ಷವಾಗುತ್ತದೆ.

ತಮ್ಮ ಅತಿಥಿಸತ್ಕಾರವನ್ನು ಯಾವ ಬಾಯಿಂದ ಹೊಗಳಲಿ! ನಮ್ಮ ಅಡುಗೆಮನೆಯ ಅಲ್ಪಬುದ್ಧಿಯವರು ಸಂಡಿಗೆ ಕರಿಯುವಾಗ ಡಬ್ಬವನ್ನೇ ಎಣ್ಣೆಗೆ ಮಗುಚುವುದಿಲ್ಲ. ನಾಲ್ಕು ಹಾಕಿ, ಎಷ್ಟು ಅರಳುತ್ತದೆಂದು ನೋಡಿ, ಬಾಣಲೆ ತುಂಬಿತೆಂದರೆ ಕೈ ನಿಲ್ಲಿಸುತ್ತಾರೆ. ಕೋಯಂಬೇಡು ಮಾರುಕಟ್ಟೆಯಿಂದ ಬಂದ ಮೂಟೆಯನ್ನು ಹೊರಗಿಟ್ಟು, ಕಳಿಸಿದವರು ಯಾರೆಂದು ಕೇಳಿ, ಆಮೇಲೆ ಬಾಯಿ ಬಿಚ್ಚುತ್ತಾರೆ. ಇಂಥ ಸಣ್ಣತನವೊಂದೂ ತಮ್ಮಲ್ಲಿಲ್ಲ. ತಾವು ಮೆಸ್ ನಡೆಸಿದ್ದರೆ ಮೊದಲ ದಿನವೇ ಬೀಗ ಹಾಕಬೇಕಾಗುತ್ತಿತ್ತೆಂಬುದು ಬೇರೆ ಮಾತು.

ತಮ್ಮ ಈ ಔದಾರ್ಯದ ಹೊತ್ತಿನಲ್ಲಿ ವೆಬ್‌ಸೈಟಿನ ಬಾಗಿಲಲ್ಲಿ ನಿಂತಿದ್ದವರು ನಮ್ಮ ಪಕ್ಕದ ಬೀದಿಯ ಮಧ್ವರಾಜ ರಾಯರು. ಮರುದಿನ ಬುಧವಾರ ಅವರ ಹೆಂಡತಿ ಯಮುನಕ್ಕನ ಮೊದಲ ವರ್ಷದ ಶ್ರಾದ್ಧ. ಇಬ್ಬರು ಪುರೋಹಿತರಿಗೂ ತನಗೂ ಊಟ ಬೇಕು, ಆಕೆಗೆ ಇಷ್ಟವಾದ ಹಾಗಲಕಾಯಿ ಪಲ್ಯ ಮರೆಯಬಾರದು ಎಂದು ಬರೆದು ಗುಂಡಿ ಒತ್ತಿದರು. ‘ನಿಮ್ಮ ಆರ್ಡರನ್ನು ಸ್ವೀಕರಿಸಲಾಗುತ್ತಿದೆ, ದಯವಿಟ್ಟು ಕಾಯಿರಿ’ ಎಂದು ತಾವು ತೋರಿಸಿದಿರಿ. ಜೀವಮಾನವೆಲ್ಲ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದ ಮನುಷ್ಯ, ಸ್ವೀಕರಿಸಲಾಗುತ್ತಿದೆ ಎಂದರೆ ಸ್ವೀಕರಿಸಿದಂತೆಯೇ ಎಂದು ನಂಬಿ ಕಾದರು.

ಬುಧವಾರ ಮಧ್ಯಾಹ್ನ ಫೋನು ಬಂತು. “ಚಂದ್ರಮತಿ, ಎಲೆ ಹಾಕಿ ಆಯ್ತು ಮಾರಾಯ್ತಿ. ಊಟ ಬರ್ಲೇ ಇಲ್ವಲ್ಲ?” ಒಲೆಯ ಮೇಲಿದ್ದದ್ದು ಆಫೀಸಿನವರ ಈರುಳ್ಳಿ ಸಾಂಬಾರು. ಹೊಸದಾಗಿ ಮಡಿಯಲ್ಲಿ ಎಸರಿಟ್ಟೆವು. ಆದರೆ ಪುರೋಹಿತರಿಗೆ ಇನ್ನೊಂದು ಮನೆಗೆ ಹೊತ್ತಾಗಿತ್ತು, ಶ್ರಾದ್ಧದ ತಿಥಿ ತಮ್ಮ ಅಪ್‌ಡೇಟುಗಳಂತೆ ನಾಳೆಗೆ ಮುಂದೂಡುವಂಥದ್ದೂ ಅಲ್ಲ. ರಾಯರು ಹಸಿ ಅಕ್ಕಿ, ಬಾಳೆಕಾಯಿ, ದಕ್ಷಿಣೆ ಕೊಟ್ಟು ಅವರನ್ನು ಕಳಿಸಿದರು. ನಾನು ಪಲ್ಯ ಹಿಡಿದು ಮೆಟ್ಟಿಲು ಹತ್ತಿದಾಗ ಎಲೆಗಳು ಹಾಕಿದ ಹಾಗೆಯೇ ಖಾಲಿ ಇದ್ದವು, ಅವರು ಅವುಗಳ ಎದುರು ಕೂತಿದ್ದರು. ಯಮುನಕ್ಕ ನನಗೂ ಬೇಕಾದವಳು. ನನಗೆ ಅಳು ಬಂತು.

ತಮ್ಮ ಕಂಪನಿಯ ಭದ್ರತಾ ವಿಭಾಗದವರು, ನಮಗಾದ ಅನಾನುಕೂಲಕ್ಕೆ ವಿಷಾದವಿದೆಯೆಂದೂ ತಾವು ನಿಯಮದ ಪ್ರಕಾರವೇ ಕೆಲಸ ಮಾಡಿದ್ದೀರೆಂದೂ ಉತ್ತರಿಸಿದ್ದಾರೆ. ನಿಯಮ ಮುರಿಯುವಂತೆ ಕೇಳುವ ಧೈರ್ಯ ನನಗಿಲ್ಲ. ಆದರೂ ಬಿಚ್ಚುತ್ತಾ ಬಿಚ್ಚುತ್ತಾ ನಡುವೆ ಒಮ್ಮೆ ತಲೆಯೆತ್ತಿ ಎಷ್ಟಾಯಿತೆಂದು ನೋಡುವುದು, ಮಿತಿ ದಾಟಿದರೆ ಅಲ್ಲಿಗೇ ಕೈಬಿಡುವುದು, ಚೀಟಿಯಲ್ಲಿ ಬರೆದ ಅಳತೆಯನ್ನು ವೇದವಾಕ್ಯವೆಂದು ನಂಬದಿರುವುದು, ಗುರುತಿಲ್ಲದವರ ಮಡಿಸಿದ ಪೊಟ್ಟಣವನ್ನು ಹೊಸ್ತಿಲಾಚೆಯೇ ಇಡುವುದು, ಇಷ್ಟು ತಮ್ಮ ಘನತೆಗೆ ಕುಂದಾಗದಿದ್ದರೆ ಪರಿಶೀಲಿಸಬೇಕು. ಇದೆಲ್ಲ ನಾಲ್ಕು ಸಾಲಿನ ಕೆಲಸವೆಂದು ನಮಿತಾ ಹೇಳುತ್ತಾಳೆ. ಜೊತೆಗೆ, ಆ ಬುಧವಾರದ ಮಧ್ಯಾಹ್ನವನ್ನು ನಮಗೆ ಹಿಂತಿರುಗಿಸಬೇಕಾಗಿ ಪ್ರಾರ್ಥನೆ. ಬೇಕಿದ್ದರೆ ಒತ್ತಿ ಮಡಿಸಿಯೇ ಕಳಿಸಿ, ನಾವು ಬಿಚ್ಚಿಕೊಳ್ಳುತ್ತೇವೆ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿಯಲು ಪ್ರಯತ್ನಿಸುತ್ತಿರುವ,
ಚಂದ್ರಮತಿ

ತಾ.ಕ.: ರಾಯರು ತಮ್ಮ ಮೇಲೆ ಸಿಟ್ಟಾಗಿಲ್ಲ. ನಿನ್ನೆ ಬಂದು ಒಂದೇ ಒಂದು ಮಾತು ಕೇಳಿದರು: “ನಮ್ಮ ಯಮುನಳನ್ನು ಕಾಯಿಸಿ ಅದು ಬಿಚ್ಚುತ್ತಾ ಕೂತಿತ್ತಲ್ಲ, ಆ ಪೊಟ್ಟಣದಲ್ಲಿ ಅಂಥದ್ದು ಎಂತ ಇತ್ತಮ್ಮ?” ನಮಿತಾಳನ್ನು ಕೇಳಿದೆ. ಸೊನ್ನೆಗಳಂತೆ. ಬರೀ ಸೊನ್ನೆ, ಒಂದರ ಹಿಂದೆ ಒಂದು, ಕೊನೆಯವರೆಗೂ. ಇದನ್ನು ಅವರಿಗೆ ಹೇಳಲು ನನಗೆ ಬಾಯಿ ಬರುತ್ತಿಲ್ಲ; ಪೂರ್ತಿ ಬಿಚ್ಚಿ ನೋಡಿದವರು ತಾವು, ತಾವೇ ಬಂದು ಹೇಳಿ.