ಮಾವನ ಕಾರಿನ ಎಡಗಣ್ಣು

ನನ್ನ ಕಾರಿಗೆ ಎಡಗಣ್ಣು ಕಾಣಿಸುವುದಿಲ್ಲ ಎಂಬುದನ್ನು ಬೀದಿಯವರಿಗೆಲ್ಲ ಸಾರುವ ಅಗತ್ಯ ನನ್ನ ಹೆಂಡತಿಗೆ ಏನಿತ್ತು, ನೀವೇ ಹೇಳಿ. ನನ್ನ ಕಾರು ಎಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಅದು ಮಾವನವರದು. ನನ್ನ ಹೆಂಡತಿಗಿಂತ ವಯಸ್ಸಿನಲ್ಲಿ ದೊಡ್ಡದು. ಅವಳಷ್ಟೇ ಗಟ್ಟಿಮುಟ್ಟು, ಅವಳಷ್ಟೇ ಸದ್ದು. (ನಾನು ಬರೆದದ್ದನ್ನು ಅವಳು ಓದುವುದಿಲ್ಲ ಎಂಬ ಧೈರ್ಯದ ಮೇಲೆ ಈ ಮಾತು.) ವಯಸ್ಸಾಯಿತೆಂದು ಸ್ಟೇರಿಂಗ್ ಬಿಟ್ಟ ದಿನ ಮಾವ ಹೇಳಿದ್ದರು: "ಅಳಿಯಂದ್ರೇ, ಸದ್ಯಕ್ಕೆ ನಿಮ್ಮ ಹತ್ರ ಇರಲಿ. ಚೆನ್ನಾಗಿ ನೋಡ್ಕೊಂಡ್ರೆ ನಿಮಗೇ. ಇಲ್ಲಾಂದ್ರೆ ನನ್ನ ಮಗ ತಗೊಂಡು ಹೋಗ್ತಾನೆ." ಅಂದಿನಿಂದ ಆ ಮಗ, ಅಂದರೆ ನನ್ನ ಬಾಮೈದ, ನಮ್ಮ ಮನೆಗೆ ಬಂದಾಗಲೆಲ್ಲ ಅಕ್ಕನನ್ನು ಮಾತಾಡಿಸುವ ಮೊದಲು ಕಾರಿನ ಟೈರು ಒದ್ದು ನೋಡುತ್ತಾನೆ.

ನಾನು ನೋಡಿಕೊಂಡದ್ದಾದರೂ ಹೇಗೆ! ರಜೆಯಲ್ಲಿ ಕಾರಿನ ಮುಂಭಾಗವನ್ನೆಲ್ಲ ಬಿಚ್ಚಿ, ಉಜ್ಜಿ, ಕಡುನೀಲಿ ಬಣ್ಣವನ್ನು ಕೋಟಿನ ಮೇಲೆ ಕೋಟು ಬಳಿದೆ. ಬ್ರಷ್ಷು ಹೋಗದ ಸಂದಿ ಉಳಿಯಲಿಲ್ಲ. ಬೋಲ್ಟು ಕೂರುವ ತೂತುಗಳ ಸುತ್ತಲೂ ಬಳಿದೆ. ದೀಪಗಳನ್ನು ಮತ್ತೆ ಕೂರಿಸಿ ಸ್ವಿಚ್ ಹಾಕಿದೆ. ಬಲಗಣ್ಣು ಝಗ್ಗೆಂದಿತು. ಎಡಗಣ್ಣು ನಿದ್ದೆಗಣ್ಣಿನಲ್ಲಿ ಮಿಣಮಿಣ ಎಂದಿತು. ಅದರ ಕೆಳಗಿದ್ದ ಇಂಡಿಕೇಟರು ಮಾತ್ರ ಕರೆಯದೆ ಬಂದ ನೆಂಟನ ಹಾಗೆ ತಾನೂ ಬೆಳಗುತ್ತ ನಿಂತಿತು.

ಅಷ್ಟರಲ್ಲಿ ಮಾವನಿಂದ ಸುದ್ದಿ ಬಂತು. ಭಾನುವಾರ ಮುಸ್ಸಂಜೆಗೆ ಬರುತ್ತಾರಂತೆ, ಕಾರಿನಲ್ಲಿ ಒಂದು ಸುತ್ತು ಹೋಗಬೇಕಂತೆ. ನನ್ನ ಎದೆ ಧಸಕ್ಕೆಂದಿತು. ಬಾಮೈದನ ಎದೆ ಖಂಡಿತ ಹಿಗ್ಗಿರಬೇಕು.

ಭಾನುವಾರ ಬೆಳಗಿನಿಂದಲೇ ದೀಪೋದ್ಧಾರ ಮಹಾಕಾರ್ಯ ಶುರುವಾಯಿತು. ಬಲ್ಬು ಬದಲಿಸಿದೆ, ಫ್ಯೂಸು ಬದಲಿಸಿದೆ. ಕೊನೆಗೆ ವೈರುಗಳನ್ನೇ ಹೊರಗೆಳೆದೆ.

"ರೀ, ಮೆಕ್ಯಾನಿಕ್‌ನ ಕರೀರಿ," ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು ಇವಳು, "ಕಾರಿಗೆ ಎಡಗಣ್ಣು ಕಾಣಿಸ್ತಿಲ್ಲ!"

"ಎಂಥೆಂಥ ಸಮಾಸ ಬಿಡಿಸಿದೀನಿ ಕಣೇ. ಒಂದು ವೈರು ಬಿಡಿಸೋಕಾಗಲ್ವಾ?"

"ಬಿಡಿಸಿರೋದು ಕಾಣ್ತಾ ಇದೆ. ಜೋಡಿಸೋದು ಯಾವಾಗ?"

(ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಪದ್ಯದ ಅರ್ಥ ಹೇಳುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದು ಮುಂದೆ ಬೇಕಾಗುತ್ತದೆ, ನೆನಪಿರಲಿ.)

ವೈರುಗಳನ್ನು ಹೇಗೋ ಜೋಡಿಸಿ, ದೀಪ ಹಾಕಿ, ಪರೀಕ್ಷೆಗೆಂದು ಇಂಡಿಕೇಟರನ್ನೂ ಹಾಕಿದೆ. ಎಡಗಣ್ಣು ಪಟಪಟನೆ ಮಿಟುಕಿತು. ಅಂತೂ ಜೀವ ಬಂತೆಂದು ನಾನು ಅದರ ಪಕ್ಕಕ್ಕೆ ಓಡಿ, ಬಗ್ಗಿ, ಹಲ್ಲು ಕಿರಿಯುತ್ತಿದ್ದೆ. ತಲೆ ಎತ್ತಿದರೆ ಗೇಟಿನಲ್ಲಿ ಪಕ್ಕದ ಮನೆಯ ರಿಟೈರ್ಡ್ ಹೆಡ್ ಮೇಡಂ!

"ಮೇಷ್ಟ್ರೇ, ಕಣ್ಣು ಹೊಡೆಯೋ ವಯಸ್ಸಾ ಇದು?"

"ಅಯ್ಯೋ, ನಾನಲ್ಲ ಮೇಡಂ, ಕಾರು!"

"ಮಕ್ಕಳೂ ಹೀಗೇ. ಯಾವಾಗ ಕೇಳಿದ್ರೂ ಪಕ್ಕದವನ ಹೆಸರು ಹೇಳ್ತಾರೆ."

ಅಡುಗೆಮನೆಯ ಕಿಟಕಿಯಿಂದ ನಗು ಕೇಳಿತು. ಯಾರದೆಂದು ಹೇಳಬೇಕಾಗಿಲ್ಲ.

ಮಾನ ಹೋದ ಮೇಲೆ ಇನ್ನೇನು ಎಂದು ಮಾವನಿಗೇ ಫೋನ್ ಮಾಡಿದೆ. ಊಟವಾದ ಮೇಲೆ ಅವರ ಹಲ್ಲುಸೆಟ್ಟು ಲೋಟದಲ್ಲಿರುತ್ತದೆ, ಮಾತು ಮಾತ್ರ ಬಾಯಲ್ಲಿರುತ್ತದೆ. ಇದ್ದದ್ದನ್ನೆಲ್ಲ ಅಂದವಾಗಿ ವರ್ಣಿಸಿದೆ.

"ಅರ್ತಾಗಿಲ್ಲ," ಎಂದರು ಮಾವ.

ಇನ್ನೊಮ್ಮೆ, ಬಿಡಿಸಿ ಬಿಡಿಸಿ ಹೇಳಿದೆ.

"ಅದೇರೀ, ಅರ್ತಾಗಿಲ್ಲ!"

"ಇದಕ್ಕಿಂತ ಸುಲಭವಾಗಿ ಹೇಗೆ ಹೇಳಲಿ ಮಾವ?"

"ನಂಗಲ್ಲ ಅಳಿಯಂದ್ರೇ, ದೀಪಕ್ಕೆ! ದೀಪಕ್ಕೆ ಅರ್ತಾಗಿಲ್ಲ! ಕೆರೆದು ನೋಡಿ!"

"ತಲೆನಾ?" ಎಂದೆ. ಫೋನ್ ಕಟ್ಟಾಯಿತು.

"ಪಾಪ, ನಿಮ್ಮಪ್ಪನಿಗೆ ತುಂಬಾ ವಯಸ್ಸಾಯ್ತು ಕಣೇ," ಎಂದೆ ಮರುಕದಿಂದ. "ದೀಪಕ್ಕೆ ಅರ್ಥ ಆಗಿಲ್ವಂತೆ. ಅದನ್ನ ಕೂರಿಸಿಕೊಂಡು ಪಾಠ ಮಾಡ್ಲಾ?"

ಅವಳು ಫೋನ್ ಎತ್ತಿಕೊಂಡು ಒಳಗೆ ಹೋದಳು. ನಾನು ಕೈಯ ಗ್ರೀಸು ತೊಳೆದು ಬರುವಷ್ಟರಲ್ಲಿ ಹೊರಗಡೆ ಗರಗರ ಸದ್ದು. ನೋಡುತ್ತೇನೆ, ಎಡಗಣ್ಣಿನ ಹಿಂದಿನ ಬೋಲ್ಟು ಬಿಚ್ಚಿ, ಬಾಣಲೆಯ ಮಗುಚುವ ಕೈಯಿಂದ ನನ್ನ ನೀಲಿ ಬಣ್ಣವನ್ನು ಕೆರೆಯುತ್ತಿದ್ದಾಳೆ!

"ಏಯ್, ನನ್ನ ಬಣ್ಣ!"

"ನಿಮ್ಮ ಬಣ್ಣ ಈಗ ಬಯಲಾಯ್ತು. ಅಪ್ಪ ಹೇಳಿದ್ದು ಅರ್ಥ ಅಲ್ಲ ರೀ, ಅರ್ತ್. ಅರ್ತಿಂಗ್ ಅಂತಾರಲ್ಲ, ಅದು. ದೀಪಕ್ಕೆ ಹೋದ ಕರೆಂಟು ಕಾರಿನ ಮೈ ಹಿಡ್ಕೊಂಡು ಬ್ಯಾಟರಿಗೆ ವಾಪಸ್ ಹೋಗ್ಬೇಕಂತೆ. ಅದಕ್ಕೆ ಈ ವೈರು, ಬೋಲ್ಟು, ಬರೀ ಕಬ್ಬಿಣಕ್ಕೆ ತಾಗ್ಬೇಕು. ನೀವು ಮಧ್ಯೆ ಬಣ್ಣ ಬಳಿದು ದಾರಿ ಮುಚ್ಚಿದೀರಿ. ಪಾಪ, ಕರೆಂಟು ಇಂಡಿಕೇಟರ್ ಸಂದೀಲಿ ನುಗ್ಗಿ ಹೋಗ್ತಾ ಇತ್ತು."

ಬೋಲ್ಟು ಬಿಗಿದು ಸ್ವಿಚ್ ಹಾಕಿದಳು. ಎಡಗಣ್ಣು ನನ್ನ ಮುಖಕ್ಕೇ ಝಗ್ಗೆಂದಿತು. ನಾನು ಕಣ್ಣು ಮುಚ್ಚಿಕೊಂಡೆ. ನಾಚಿಕೆಗೂ ಅದು ಅನುಕೂಲವಾಯಿತು.

ಹೇಳಿದ ಹೊತ್ತಿಗೆ ಮಾವ ಬಂದರು, ಹಲ್ಲುಸೆಟ್ಟಿನ ಸಮೇತ. ಎರಡೂ ದೀಪ ನೋಡಿ ಮುಖ ಅರಳಿತು. "ಭೇಷ್ ಅಳಿಯಂದ್ರೇ! ಅಂತೂ ಅರ್ತ್ ಆಯ್ತು!"

"ಆಯ್ತು ಮಾವ," ಎಂದು ಮೀಸೆ ಸವರಿದೆ. ಕಾರು ನನ್ನದಾಯಿತು ಎನ್ನುವ ಖುಷಿಯಲ್ಲಿ ಸುಳ್ಳು ಸಲೀಸಾಗಿ ಬಂತು.

"ಯಾವುದರಲ್ಲಿ ಕೆರೆದ್ರಿ?"

ನಾನು ಹೆಂಡತಿಯ ಕಡೆ ನೋಡಿದೆ. ಮಾವನೂ ಅತ್ತ ತಿರುಗಿದರು. ಅವಳು ಮುಗ್ಧೆಯಂತೆ ನಿಂತಿದ್ದಳು. ಕೈಯಲ್ಲಿ ಮಗುಚುವ ಕೈ, ಅದರ ಅಂಚಿಗೆಲ್ಲ ಕಡುನೀಲಿ. ಮಾವ ಹೊಟ್ಟೆ ಹಿಡಿದು ನಕ್ಕು, ನನ್ನ ಮುಂದೆ ಕೈ ಚಾಚಿದರು. "ಕೀ ಕೊಡಿ." ಹೋಯಿತು, ಕಾರು ಬಾಮೈದನ ಪಾಲಾಯಿತು ಎಂದುಕೊಂಡು ಕೊಟ್ಟೆ.

"ಮಗನಿಗೂ ಬೇಡ, ಅಳಿಯನಿಗೂ ಬೇಡ. ಅರ್ತ್ ಆದವರಿಗೇ ಕಾರು. ತಗೋ ಮಗಳೇ."

ಅವಳು ಸ್ಟೇರಿಂಗ್ ಹಿಡಿದಳು, ಮಾವ ಪಕ್ಕದಲ್ಲಿ ಕೂತರು. ಹಿಂದಿನ ಸೀಟಿಗೆ ಓಡಿದೆ. ಅಲ್ಲಿ ಅರ್ಧ ಜಾಗದಲ್ಲಿ ನಾನೇ ಕಿತ್ತು ಹಾಕಿದ್ದ ವೈರಿನ ರಾಶಿ. ಉಳಿದರ್ಧದಲ್ಲಿ, ಇವಳು ಅದ್ಯಾವಾಗ ಕರೆದಿದ್ದಳೋ, ಹೆಡ್ ಮೇಡಂ! ಇವಳು ಕಿಟಕಿಯಿಂದ ಮಗುಚುವ ಕೈಯನ್ನು ನನ್ನ ಕೈಗಿತ್ತಳು.

"ನಾವು ಬರೋಷ್ಟರಲ್ಲಿ ಇದರ ಬಣ್ಣ ಪೂರ್ತಿ ಹೋಗಿರ್ಬೇಕು. ಅರ್ತಾಯ್ತಾ?"

"ಆಯ್ತು," ಎಂದೆ. ಈ ಸಲ ನಿಜವಾಗಿಯೂ ಆಗಿತ್ತು.